ಮಾತಿಲ್ಲದೆ ಕಲಿಸುವ ಶರಣಮ್ಮ

ಪುಣೆಯ ವಿಮಾನ ನಗರದಲ್ಲಿ ಬೆಳಗಿನ ಆರೂವರೆ. ಅರ್ಧ ಎದ್ದುನಿಂತ ಕಟ್ಟಡವೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಅರವತ್ತೊಂದರ ಶರಣಮ್ಮ ಚಾಪೆ ಹಾಸಿ, ಪುಟ್ಟ ಹೂಜಿಗಳಿಗೆ ನೀರು ತುಂಬಿ ಬಾಗಿಲಲ್ಲಿ ಕೂತಿದ್ದಾರೆ. ಸಿಮೆಂಟು ಹೊರಲು ಹೊರಟ ತಾಯಂದಿರು ಒಬ್ಬೊಬ್ಬರೇ ಬಂದು ಮಕ್ಕಳನ್ನು ಬಿಟ್ಟುಹೋಗುತ್ತಾರೆ. ಇವತ್ತು ಮೂವತ್ತೆರಡು ಮಕ್ಕಳು.

ಮೂರು ವರ್ಷದ ಹುಡುಗಿಯೊಬ್ಬಳು ಲೋಟಕ್ಕೆ ನೀರು ಸುರಿಯಲು ಹೋಗಿ ಚೆಲ್ಲುತ್ತಾಳೆ. ಶರಣಮ್ಮ ಗದರುವುದಿಲ್ಲ. ಪಕ್ಕದಲ್ಲಿ ಕೂತು, ತಾವೊಮ್ಮೆ ಬಹಳ ನಿಧಾನವಾಗಿ ಸುರಿದು ತೋರಿಸಿ, ಕೈ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ನಾಲ್ಕನೇ ಸಲಕ್ಕೆ ಒಂದು ಹನಿಯೂ ಚೆಲ್ಲುವುದಿಲ್ಲ. ಗೋಡೆ ಪಕ್ಕ ಕೂತ ಇಬ್ಬರು ಯುವತಿಯರು, ಮಾಂಟೆಸ್ಸೊರಿ ಶಿಕ್ಷಕಿಯರಾಗಲು ಕಲಿಯುತ್ತಿರುವವರು, ಬರೆಯುವುದನ್ನೂ ಮರೆತು ನೋಡುತ್ತಿದ್ದಾರೆ.

ಅವರನ್ನು ಇಲ್ಲಿಗೆ ಕಳಿಸುವ ಪದ್ಧತಿ ಹಾಕಿಕೊಟ್ಟವರು ನರ್ಮದಾ ಗಲಗಲಿ. ಧಾರವಾಡದಿಂದ ಬಂದು, ಸದಾಶಿವ ಪೇಠದ ಹಳೆಯ ವಾಡೆಯೊಂದರ, ಅಂದರೆ ಅಂಗಳದ ದೊಡ್ಡ ಮನೆಯೊಂದರ, ಮಾಳಿಗೆಯಲ್ಲಿ ನಲವತ್ತು ವರ್ಷ ಮಾಂಟೆಸ್ಸೊರಿ ಶಿಕ್ಷಕಿಯರನ್ನು ತಯಾರು ಮಾಡಿದವರು. ಎರಡು ಸಾವಿರ ಶಿಷ್ಯೆಯರಿಗೂ ಅವರು ಬರೀ ‘ಬಾಯಿ’; ಮರಾಠಿಯಲ್ಲಿ ಶಿಕ್ಷಕಿಯನ್ನು ಗೌರವದಿಂದ ಕರೆಯುವುದು ಹಾಗೆ. ತೀರಿಕೊಂಡು ಮೂರು ವರ್ಷವಾಯಿತು. ಈಗಲೂ ಅವರ ಮಾತು ಬಂದರೆ ಶರಣಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ.

ಶರಣಮ್ಮ ಆ ವಾಡೆಯ ಕಸ ಗುಡಿಸುತ್ತಿದ್ದವರು. ಇಂಡಿ ತಾಲ್ಲೂಕಿನಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದಿದ್ದರು. ಗಂಡ ಕಟ್ಟಡದ ಮೇಲಿಂದ ಬಿದ್ದು ಸತ್ತಾಗ ಅವರಿಗೆ ಇಪ್ಪತ್ತೇಳು. ಅಕ್ಷರ ಬರುತ್ತಿರಲಿಲ್ಲ; ವಾಡೆಯ ಕಸಗುಡಿಸುವ ಕೆಲಸ ಹಿಡಿದರು.

“ಕಸಬರಿಗಿ ಹಿಡಕೊಂಡು ಪಾಠ ನೋಡಕೋತ ಬಾಗಿಲ ಹಿಂದ ನಿಂದರತಿದ್ದೆರಿ,” ಎನ್ನುತ್ತಾರೆ. “ಬಾಯಿ ಮಾತಾಡ್ತಿದ್ದಿಲ್ಲ, ಕೈ ಅಷ್ಟ ಆಡ್ತಿತ್ತು. ಒಂದು ಬಟ್ಟಲನ್ನ ಅಷ್ಟು ಚಂದ ಎತ್ತೂದನ್ನ ನಾ ಎಂದೂ ನೋಡಿದ್ದಿಲ್ರಿ.”

ಹತ್ತು ವರ್ಷ ಹೀಗೇ ಕಳೆಯಿತು. ಒಂದು ದಿನ, ವಾಡೆಯಲ್ಲೇ ನಡೆಯುತ್ತಿದ್ದ ಶಿಶುವಿಹಾರದಲ್ಲಿ ಯಾವ ಶಿಕ್ಷಕಿಯ ಹತ್ತಿರವೂ ಸುಳಿಯದ ಮಗುವೊಂದು ಶರಣಮ್ಮನ ಪಕ್ಕ ಕೂತು ಅವರಂತೆಯೇ ಅವರೆಕಾಳು ಆರಿಸುತ್ತಿದ್ದುದನ್ನು ಬಾಯಿ ಕಂಡರು. ಅರ್ಧ ಗಂಟೆ ಬಾಗಿಲಲ್ಲೇ ನಿಂತು ನೋಡಿದರಂತೆ. ಮರುದಿನ ಶರಣಮ್ಮನಿಗೆ ತರಗತಿಯ ಮುಂದಿನ ಸಾಲಿನಲ್ಲಿ ಜಾಗ. ಕೆಲವರು ಮುಖ ಸಿಂಡರಿಸಿದರು. ಬಾಯಿ ಲೆಕ್ಕಿಸಲಿಲ್ಲ; ದಿನಾ ಸಂಜೆ ಪಾಠವನ್ನೆಲ್ಲ ಕನ್ನಡದಲ್ಲಿ ಬಾಯಿಮಾತಿನಲ್ಲೇ ಮತ್ತೆ ಹೇಳಿಕೊಟ್ಟರು. ವರ್ಷದ ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರು, ಹತ್ತನೇ ತರಗತಿ ಪಾಸಾಗದವರಿಗೆ ಪ್ರಮಾಣಪತ್ರ ಕೊಡಲಾಗದು ಎಂದುಬಿಟ್ಟರು.

ಶರಣಮ್ಮ ಮತ್ತೆ ಕಸಬರಿಗೆ ಹಿಡಿದರು. ಬಾಯಿ ಅದನ್ನು ಕಸಿದಿಟ್ಟು, ಕೂಲಿಕಾರರ ಮಕ್ಕಳಿಗಾಗಿ ತಗಡಿನ ಶೆಡ್ಡೊಂದನ್ನು ಹಾಕಿಸಿ ಅವರ ಕೈಗೆ ಕೊಟ್ಟರು. ಜೊತೆಗೊಂದು ನಿಯಮವನ್ನೂ ಮಾಡಿದರು: ಪ್ರಮಾಣಪತ್ರ ಬೇಕೆನ್ನುವವರು ಮೊದಲು ಹತ್ತು ದಿನ ಶರಣಮ್ಮನ ಮುಂದೆ ತುಟಿ ಬಿಚ್ಚದೆ ಕೂರಬೇಕು. ಇಪ್ಪತ್ತಮೂರು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕಿಯರು ಹಾಗೆ ಕೂತು ಹೋಗಿದ್ದಾರೆ. ಕಟ್ಟಡ ಮುಗಿದಂತೆಲ್ಲ ಶೆಡ್ಡು ಜಾಗ ಬದಲಿಸಿದೆ, ಇದು ಒಂಬತ್ತನೆಯದು. ಈಗ ತರಬೇತಿ ಕೇಂದ್ರ ನಡೆಸುವ ಕೇತಕಿ, ನನಗೇ ದಾರಿ ತೋಚದಾಗ ಇಲ್ಲಿಗೆ ಬಂದು ಒಂದು ಗಂಟೆ ಕೂತು ಹೋಗುತ್ತೇನೆ ಎನ್ನುತ್ತಾರೆ.

ಕೊನೆಯ ವರ್ಷ ಬಾಯಿಯವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಶಿಷ್ಯೆಯರು ಹಣ್ಣು ತಂದರು, ಅತ್ತರು. ಶರಣಮ್ಮ ಮಾತ್ರ ಮಕ್ಕಳು ಗುಂಡಿ ಹಾಕಲು ಕಲಿಯುವ ಮರದ ಚೌಕಟ್ಟನ್ನು ಚೀಲದಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ದಿನಾ ಸಂಜೆ ಬಾಯಿಯ ಮನೆಗೆ ಹೋದರು. ಬಾಯಿಯ ಎಡಕ್ಕೆ ಕೂತು, ಎಡಗೈಯೊಂದರಿಂದಲೇ ಒಂದೊಂದು ಗುಂಡಿ ನಿಧಾನವಾಗಿ ಹಾಕಿ ತೋರಿಸಿದರು. ಒಮ್ಮೆ ಬಾಯಿ ಸಿಟ್ಟಿನಿಂದ ಅದನ್ನು ಎಸೆದೇಬಿಟ್ಟರು. ಶರಣಮ್ಮ ಎತ್ತಿ ತಂದು ಮತ್ತೆ ಮುಂದಿಟ್ಟು ಸುಮ್ಮನೆ ಕಾದರು. ನಾಲ್ಕನೇ ತಿಂಗಳು, ಒಂದು ಸಂಜೆ, ಬಾಯಿ ಐದೂ ಗುಂಡಿ ಹಾಕಿದರು. ಮರುದಿನ ಹೋದಾಗ ತಮ್ಮ ಕುಪ್ಪಸ ತಾವೇ ತೊಟ್ಟು ಕೂತಿದ್ದರು.

“ಬಾಯಿ ನನಗ ಕಲಿಸ್ಯಾರ ಅಂತ ಎಲ್ಲಾರಿಗೂ ಗೊತ್ತದರಿ,” ಎಂದು ಶರಣಮ್ಮ ದನಿ ತಗ್ಗಿಸುತ್ತಾರೆ. “ನಾನೂ ಅವರಿಗೆ ಒಂದು ಕಲಿಸೇನಿ. ಇಷ್ಟ ದಿನಾ ಯಾರ ಮುಂದೂ ಹೇಳಿದ್ದಿಲ್ರಿ.”