ಡಬ್ಬಿಯೊಳಗ ಸಿಕ್ಕಿದ್ದ ಸೆಲ್ಲು

ಅವ್ವನ ರೇಡಿಯೊದ ಬೆನ್ನಿಗೆ ಒಂದು ಮುಚ್ಚಳ ಇತ್ತು. ಹೆಬ್ಬೆಟ್ಟಿಲೆ ಒಂಚೂರು ಒತ್ತಿ ಸರಿಸಿದ್ರ ಸಾಕು, ಸೆಲ್ಲು ಕೈಯಾಗ ಬರ್ತಿತ್ತು. ನನ್ನ ಗಿಟಾರಿಗೆ ಜೋಡಿಸೋ ತಗಡಿನ ಡಬ್ಬಿಗೆ ಅಂಥಾ ಮುಚ್ಚಳ ಇರಲಿಲ್ಲ. ಇಷ್ಟೇ ಫರಕು. ಆದ್ರ ಈಗೂ ಟೀವಿ ರಿಮೋಟಿನ ಸೆಲ್ಲು ಬದಲಿಸುವಾಗ ಹೆಬ್ಬೆಟ್ಟಿಗೆ ಮುಚ್ಚಳ ತಾಕಿತಂದ್ರ ಅಲ್ಲೇ ಕೈ ಬಿಡ್ತೀನಿ. ಮಗಳಿಗೆ, ನೀನೇ ಹಾಕವ್ವಾ ಅಂತ ಕೊಟ್ಟುಬಿಡ್ತೀನಿ.

ಆಗ ನಾವು ತಾಂಡೂರಿನಾಗಿದ್ವಿ. ನಾ ಬ್ಯಾಳಿ ಮಿಲ್ಲಿನಾಗ ಗುಮಾಸ್ತ, ಲಗ್ನದ ದಿನಗಳಾಗ ಆರ್ಕೆಸ್ಟ್ರಾದಾಗ ಗಿಟಾರು. ಜಹೀರಾಬಾದ್, ನಾರಾಯಣಖೇಡ, ಬಶೀರಾಬಾದ್, ಎಲ್ಲಿ ಕರೆದ್ರ ಅಲ್ಲಿಗೆ ಬಸ್ಸಿನ ಮ್ಯಾಲ ಸಾಮಾನು ಕಟ್ಟಿಕೊಂಡು ಹೋಗ್ತಿದ್ವಿ. ಹಿಂದಿ ಹಾಡು, ತೆಲುಗು ಹಾಡು, ಕೇಳಿದ್ರ ಕನ್ನಡನೂ. ಮಿಲ್ಲಿನಾಗ ತೂಕದ ಚೀಟಿ ಬರೆಯೋ ನನಗ, ಅಲ್ಲಿ ಜನ ಹೊಳ್ಳಿ ಹೊಳ್ಳಿ ನೋಡೋದು ಭಾಳ ರುಚಿ ಹತ್ತಿತ್ತು.

ಹಂಗ ನೋಡಂಗ ಮಾಡಿದ್ದು ಆ ಡಬ್ಬಿ. ಪೆಡಲ್ ಅಂತ ಅದರ ಹೆಸರು. ಹೈದರಾಬಾದಿನ ಒಬ್ಬ ರೇಡಿಯೊ ರಿಪೇರಿಯವ ತಗಡು ಮಡಚಿ ಮಾಡಿಕೊಟ್ಟಿದ್ದ. ಗಿಟಾರಿನ ವೈರು ಅದರೊಳಗ ಹಾದು ಅಂಪ್ಲಿಫೈಯರಿಗೆ ಹೋಗ್ತಿತ್ತು. ಮ್ಯಾಲಿನ ಗುಂಡಿ ಕಾಲಿಲೆ ಒತ್ತಿದ್ರ ಸಣ್ಣಗ ನುಡಿಯೋ ತಂತಿ ಗುರ್ರ್ ಅಂತಿತ್ತು. ಬೀಗರು ಊಟದ ಪಂಕ್ತಿಯಿಂದ ಎದ್ದು ಬಂದು, ಏನಪಾ ಇದು, ಪಿಚ್ಚರ್‌ದಾಗಿನಂಗ ಬಾರಸ್ತಾನ, ಅಂತಿದ್ರು. ನಾ ಮತ್ತೊಮ್ಮೆ ಒತ್ತತಿದ್ದೆ. ನನ್ನ ಸೊಕ್ಕಿಗೆ ಅಷ್ಟೇ ಬೇಕಾಗಿತ್ತು.

ಆ ಡಬ್ಬಿಗೆ ಒಂದು ಚೌಕ ಸೆಲ್ಲು ಬೇಕು, ಅವ್ವನ ಸಣ್ಣ ರೇಡಿಯೊಕ್ಕ ಹಾಕೋ ಅಂಥಾದ್ದೇ. ಬ್ಯಾರೆ ಸ್ವಿಚ್ಚಿಲ್ಲ. ವೈರು ಚುಚ್ಚಿದ್ರ ಸೆಲ್ಲು ಚಾಲು, ಕಿತ್ತಿದ್ರ ಬಂದ್. ಪೆದ್ದೆಮುಲ್‌ದಾಗ ಒಂದು ಲಗ್ನ ಮುಗಿಸಿ, ಹೊಟ್ಟಿ ತುಂಬ ಉಂಡು, ವೈರು ಕೀಳೋದು ಮರೆತೆ. ಮುಂಜಾನಿ ನೋಡ್ತೀನಿ, ಸೆಲ್ಲು ಖಾಲಿ. ಅಂಗಡಿಯವನಿಗೆ ಕೇಳಿದ್ರ, ಚೌಕ ಸೆಲ್ಲು ಮುಗದಾವ್ರಿ, ಮುಂದಿನ ವಾರ ಬರ್ತಾವ ಅಂದ. ನಾಡದು ಬಶೀರಾಬಾದಿನಾಗ ಕಾರ್ಯಕ್ರಮ. ನಾ ಏನು ಮಾಡಿದೆ? ಹೆಬ್ಬೆಟ್ಟಿಲೆ ಅವ್ವನ ರೇಡಿಯೊದ ಮುಚ್ಚಳ ಸರಿಸಿದೆ.

ಕದ್ದು ತಗೊಳ್ಳಲಿಲ್ಲ. ಅವ್ವಗ ಹೇಳೇ ತಗೊಂಡೆ.

"ತಗೋ ತಮ್ಮಾ, ಆದ್ರ ಬೇಸ್ತವಾರಕ್ಕ ನನಗ ಬೇಕೇ ಬೇಕು ನೋಡು," ಅಂದ್ಲು ಅವ್ವ.

ಬೇಸ್ತವಾರ ಮಧ್ಯಾಹ್ನ ಗುಲಬರ್ಗಾ ರೇಡಿಯೊದಾಗ ಅಕ್ಕ ಹಾಡೋದಿತ್ತು. ಅಕ್ಕನ್ನ ಸೇಡಂ ಕಡೆ ಕೊಟ್ಟಿದ್ವಿ. ಹೆಣ್ಣುಮಕ್ಕಳ ಕಾರ್ಯಕ್ರಮಕ್ಕ ಬೀಸೂಕಲ್ಲಿನ ಪದ ಹಾಡಾಕ ಕರೆದಿದ್ರು. ಅಕ್ಕನ ಮಾವ ಬ್ಯಾಡ ಅಂದಿದ್ದ, ಭಾವ ಕಾಲು ಹಿಡಿದು, ಒಂದು ಸಲ ಅಷ್ಟೇ ಅಂತ ಒಪ್ಪಿಸಿದ್ದ. ಪದ ಯಾರಿಂದ ಕಲಿತ್ರಿ ಅಂತನೂ ಕೇಳ್ತಾರಂತ, ಅಂತ ಅಕ್ಕ ಬಸ್ಸಿನವರ ಕೈಲಿ ಸುದ್ದಿ ಕಳಿಸಿದ್ಲು.

ಕಲಿಸಿದಾಕಿ ಅವ್ವನೇ. ಜ್ವಾಳ ಬೀಸ್ತಾ ಬೀಸ್ತಾ ಅಕ್ಕನ್ನ ಎದುರಿಗೆ ಕೂಡಿಸಿಕೊಂಡು ಕಲಿಸಿದ್ದು. "ನನ್ನ ಹೆಸರು ತಗೋತಾಳೇನು?" ಅಂತ ಅವ್ವ ನನಗ ಕೇಳಿದ್ಲು. ಕೇಳಿ ನಾಚಿಕೊಂಡು, "ಥೂ, ನನ್ನ ಹೆಸರ್ಯಾಕ ಬೇಕು ಅವರಿಗೆ," ಅಂತ ತಾನೇ ಅಂದ್ಲು. ಅವ್ವನ ಹೆಸರು ಕರಿಯವರು ಯಾರೂ ಇರಲಿಲ್ಲ. ಅಪ್ಪ ಇದ್ದಾಗ "ಏ, ಇಲ್ಲಿ ಬಾ" ಅಂತಿದ್ದ. ಓಣಿಯವರಿಗೆ ಆಕಿ ನನ್ನ ಅವ್ವ. ತವರಿನವರು ಒಬ್ಬೊಬ್ಬರೇ ಹೋದ ಮ್ಯಾಲ ಆ ಹೆಸರು ರೇಶನ್ ಕಾರ್ಡಿನಾಗ ಮಾತ್ರ ಉಳಿದಿತ್ತು.

ಬಶೀರಾಬಾದಿನಿಂದ ಬಂದು ಸೆಲ್ಲು ತಿರುಗಿ ಹಾಕಬೇಕಿತ್ತೋ ಇಲ್ಲೋ? ಆದ್ರ ಆ ಡಬ್ಬಿ ಬಿಚ್ಚೋದಂದ್ರ ನನಗ ತಲಿಬ್ಯಾನಿ. ತಳಕ್ಕ ನಾಲ್ಕು ಸ್ಕ್ರೂ, ಅದರಾಗ ಒಂದರ ತಲಿ ಈ ಸೆಲ್ಲು ಹಾಕಿ ಬಿಗಿಯುವಾಗ ಸವೆದು ನುಣ್ಣಗಾಗಿತ್ತು. ಅದಕ್ಕ ನಾನೊಂದು ಅಕಲ್ ತೆಗೆದೆ. ನಮ್ಮ ಕಡೆ ಸತ್ತ ಸೆಲ್ಲು ಯಾರೂ ಬಿಸಾಕ್ತಿರಲಿಲ್ಲ. ಮಾಳಿಗಿ ಮ್ಯಾಲ ಬಿಸಿಲಿಗೆ ಇಟ್ರ ಒಂದೆರಡು ದಿನ ಮತ್ತ ಜೀವ ಹಿಡೀತಿತ್ತು. ನಾನೂ ಖಾಲಿ ಸೆಲ್ಲು ಬಿಸಿಲಿಗಿಟ್ಟು, ಬೆಚ್ಚಗಾದ ಮ್ಯಾಲ ರೇಡಿಯೊಕ್ಕ ಹಾಕಿದೆ. ಬೇಸ್ತವಾರ ಮುಂಜಾನಿ ಹಚ್ಚಿದೆ, ಖಣಖಣ ಮಾತಾಡ್ತು. ಹಾಡು ಹತ್ತು ನಿಮಿಷದ್ದು. ಸಾಕು ಬಿಡು ಅಂದೆ. "ಬರೋಬರಿ ಅದೇನು?" ಅಂತ ಅವ್ವ ಕೇಳಿದ್ರ, "ಏ, ಫಸ್ಟ್ ಕ್ಲಾಸ್ ಅದ," ಅಂದೆ.

ಅವ್ವ ತಲಿ ಎರಕೊಂಡು, ಒಗೆದ ಸೀರಿ ಉಟ್ಟು, ರೇಡಿಯೊ ತೊಡಿ ಮ್ಯಾಲ ಇಟ್ಟುಕೊಂಡು ಕುಂತ್ಲು. ನಾನೂ ಮಿಲ್ಲಿಗೆ ರಜಾ ಹಾಕಿದ್ದೆ. ರೇಡಿಯೊದ ಹೆಣ್ಣುಮಗಳು ಅಕ್ಕನ ಹೆಸರು ಹೇಳಿದ್ಲು. ಅವ್ವ ನನ್ನ ಮಂಡಿ ಹಿಡಕೊಂಡ್ಲು. ಅಕ್ಕ "ನಮಸ್ಕಾರ್ರಿ" ಅಂದ್ಲು, ಧ್ವನಿ ನಡುಗ್ತಿತ್ತು. "ಇಂಥಾ ಛಂದ ಪದ ನಿಮಗ ಯಾರು ಕಲಿಸಿದ್ರು?" ಅಂತ ಆ ಹೆಣ್ಣುಮಗಳು ಕೇಳಿದ್ಲು.

ಧ್ವನಿ ಸಣ್ಣದಾತು. ಗೊರ್ ಅಂತು. ನಿಂತೇ ಹೋತು.

ಅವ್ವ ಕಿವಿಗೆ ಹಿಡಿದು ನೋಡಿದ್ಲು, ಅಂಗೈಲೆ ಬಡಿದು ನೋಡಿದ್ಲು. ಬಾಜೂ ಮನಿಯವರ ರೇಡಿಯೊ ಕರೆಂಟಿಂದು, ಆ ಹೊತ್ತಿನಾಗ ಕರೆಂಟೇ ಇರಲಿಲ್ಲ. ನಾ ಡಬ್ಬಿ ತಂದು ಬೋರಲು ಹಾಕಿ ಬಿಚ್ಚಾಕ ಕುಂತೆ. ಮೂರು ಸ್ಕ್ರೂ ಬಂದ್ವು. ನಾಲ್ಕನೇದಕ್ಕ ಚಾಕು ಹಾಕಿದ್ರ ಚಾಕು ಜಾರಿ ಬಟ್ಟು ಕೊಯ್ದಿತು. ತಗಡು ಎತ್ತಿ ಕೈ ತುರುಕಿದ್ರ ಸೆಲ್ಲು ಬಟ್ಟಿಗೆ ತಾಕ್ತದ, ಹೊರಗ ಬರವಲ್ದು! ಅವ್ವ ನನ್ನ ಕೈ ನೋಡ್ಕೋತ ಕುಂತಿದ್ಲು. ಬೈದಿದ್ರ ಪಾಡಿತ್ತು. ಕಡೀಗೆ ಕಲ್ಲಿಲೆ ಜಜ್ಜಿ ತಗಡು ಹರಿದೆ, ಸೆಲ್ಲು ರೇಡಿಯೊಕ್ಕ ಹಾಕಿದೆ. ರೇಡಿಯೊದಾಗ ತೊಗರಿಗೆ ಬೀಳೋ ಹುಳಕ್ಕ ಯಾವ ಎಣ್ಣಿ ಹೊಡೀಬೇಕು ಅಂತ ಒಬ್ಬರು ಹೇಳ್ತಿದ್ರು.

"ಮುಗೀತು ಪಾ," ಅಂದ್ಲು ಅವ್ವ. ನನ್ನ ಬಟ್ಟಿಗೆ ಅರಿಶಿಣ ಹಚ್ಚಿದ್ಲು.

ಪಂಚಮಿಗೆ ಅಕ್ಕ ಬಂದ್ಲು. ಬಂದಾಕಿ ಚಪ್ಪಲಿ ಬಿಡೋದ್ರಾಗ, "ಎವ್ವಾ, ಕೇಳ್ದೇನು?" ಅಂದ್ಲು. ನಾ ಹೇಳಬೇಕಂತ ಬಾಯಿ ತೆಗೆದೆ. ಅವ್ವ ನನಗಿಂತ ಜಲ್ದಿ, "ಕೇಳಿದ್ನೆವ್ವಾ, ಎಷ್ಟು ಛಂದ ಹಾಡಿದಿ," ಅಂದ್ಲು.

"ನಿನ್ನ ಹೆಸರು ಎಷ್ಟು ಜೋರಾಗಿ ಹೇಳಿದೆ ನೋಡು! ಆಮ್ಯಾಲ ಅವರೂ ನಿನ್ನ ಹೆಸರಿಗೆ 'ಅವರು' ಹಚ್ಚಿ, ಆ ತಾಯಿಗೆ ನಮ್ಮ ನಮಸ್ಕಾರ ಅಂದ್ರಲ್ಲಾ, ಏನನಸ್ತು ನಿನಗ?"

ಅವ್ವ ಸೆರಗಿಲೆ ಬಾಯಿ ಒರಿಸಿಕೊಂಡ್ಲು. "ಭಾಳ ಖುಷಿ ಆತು," ಅಂದು ಚಹಾ ಇಡಾಕ ಒಳಗ ಹೋದ್ಲು. ನಾ ಅಕ್ಕನ ಮಾರಿ ನೋಡಲಿಲ್ಲ. ಗೋಡಿಗೆ ಆನಿಸಿಟ್ಟಿದ್ದ ಗಿಟಾರು ನೋಡಿ, ಇದನ್ನ ಒಡೆದು ಒಲಿಗೆ ಹಾಕಲೇನು ಅನಿಸ್ತು. ಹಾಕಲಿಲ್ಲ. ಮುಂದಿನ ವಾರ ನಾರಾಯಣಖೇಡಕ್ಕ ಹೋಗಿ ಬಾರಿಸಿಯೂ ಬಂದೆ.

ಅಕ್ಕನ್ನ ಬಸ್ಸಿಗೆ ಹತ್ತಿಸಿ ಬಂದ ಸಂಜಿ ಅವ್ವ ರೊಟ್ಟಿ ಬಡಿತಿದ್ಲು. ಬಡಿಯೋದು ನಿಲ್ಲಿಸಿ, ನನ್ನ ಕಡೆ ನೋಡದೇ ಕೇಳಿದ್ಲು.

"ತಮ್ಮಾ, ರೇಡಿಯೊದಾಗ ನನ್ನ ಹೆಸರು ಹೆಂಗ ಕೇಳಿಸಿರಬೇಕೋ? ನೀ ಒಮ್ಮೆ ಅನ್ನು ನೋಡೋಣು, ಅವರಂಗ."

ಹೆತ್ತಾಕಿ ಹೆಸರು ನಾ ಯಾವತ್ತೂ ಬಾಯಿ ಬಿಟ್ಟು ಅಂದವನಲ್ಲ. ಆದ್ರೂ ಅಂದೆ. 'ಅವರು' ಅಂತ ಹಚ್ಚೇ ಅಂದೆ. ಅರ್ಧ ಬಾಯೊಳಗೇ ಉಳೀತು.

ಅವ್ವ ಬಡಿದ ರೊಟ್ಟಿ ಅಂಗೈ ಮ್ಯಾಲ ತಗೊಂಡ್ಲು. "ಇಷ್ಟು ಸಣ್ಣಗ ಅಂದಿರಲಿಕ್ಕಿಲ್ಲ ಬಿಡು," ಅಂದು ರೊಟ್ಟಿ ಹಂಚಿಗೆ ಹಾಕಿದ್ಲು.