ಶಿವಗಂಗಮ್ಮನ ಗಾಂಧಾರ

ಕ್ರೋಂಪೇಟೆಯ ಶಿವಗಂಗಮ್ಮನಿಗೆ ಇದ್ದದ್ದು ಒಂದೇ ಆಸೆ. ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಸಂಗೀತ ಹೇಳಿಕೊಡಬೇಕು, ಟೀಚರ್ ಅನ್ನಿಸಿಕೊಳ್ಳಬೇಕು. ತುಮಕೂರಿನಲ್ಲಿ ಹನ್ನೆರಡು ವರ್ಷ ಪಳಗಿದ ಕಂಠ ಅದು. ರೈಲ್ವೆ ಗುಮಾಸ್ತ ಮಹಾಲಿಂಗಪ್ಪನ ಕೈಹಿಡಿದು ಮದ್ರಾಸಿಗೆ ಬಂದಮೇಲೆ ಸಾರಿಗೆ ಒಗ್ಗರಣೆ ಹಾಕುವಾಗ ಮಾತ್ರ ಬಿಚ್ಚಿಕೊಳ್ಳುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ!

೧೯೭೬ರಲ್ಲಿ ಸಂಗೀತ ಶಿಕ್ಷಕರ ಪರೀಕ್ಷೆಗೆ ಕಟ್ಟಿದಳು. ಹಾಡುವುದಕ್ಕೆ ಭಯವಿರಲಿಲ್ಲ, ಬರೆಯುವ ಪತ್ರಿಕೆ ತಮಿಳಿನಲ್ಲಿತ್ತು. ಮೂರನೇ ಕ್ಲಾಸಿನ ಮಗಳು ಉಷಾಳೇ ಅಮ್ಮನಿಗೆ ಅಕ್ಷರ ತಿದ್ದಿಸಿದಳು. ಸ ಆಯಿತು, ರಿ ಆಯಿತು, ಗ ಬಂದಾಗ ತಗಾದೆ ಶುರುವಾಯಿತು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ.

“ಇದು ‘ಕ’ ಅಲ್ವೇನೇ? ಗಾಂಧಾರ ಎಲ್ಲಿ?”

“ಅದು ತಾನ್ಮಾ ಇದು! ಬರೆದ್ರೆ ಕ, ಪಾಡಿದ್ರೆ ಗ,” ಅಂದಳು ಉಷಾ.

“ಸ ರಿ ಕ ಮ ಅಂತ ಬರೀಲೇನೇ? ನಮ್ಮ ಮೇಷ್ಟ್ರು ನೋಡಿದ್ರೆ ಬೆನ್ನು ಮುರೀತಿದ್ರು!”

ಪರೀಕ್ಷೆಯಲ್ಲಿ ಉತ್ತರವೆಲ್ಲ ತಮಿಳಿನಲ್ಲೇ ಬರೆದಳು, ಗ ಒಂದನ್ನು ಬಿಟ್ಟು. ಸಾಧಾರಣ ಗಾಂಧಾರ, ಅಂತರ ಗಾಂಧಾರ ಎಂದು ಬಂದಲ್ಲೆಲ್ಲ ದುಂಡಗೆ ಕನ್ನಡದ ಗ ಕೂರಿಸಿ ಬಂದಳು ಪುಣ್ಯಾತ್ಗಿತ್ತಿ! ಹಾಡಿನಲ್ಲಿ ಎಲ್ಲರಿಗಿಂತ ಮೇಲೆ, ಬರಹದಲ್ಲಿ ನಪಾಸು.

“ಒಂದಕ್ಷರಕ್ಕೆ ಹಟ ಮಾಡಿ ಕೆಲಸ ಕಳ್ಕಂಡ್ಯಲ್ಲೇ,” ಅಂದ ಮಹಾಲಿಂಗಪ್ಪ. ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ.

ಮರುವರ್ಷ ತೆಪ್ಪಗೆ ತಮಿಳಿನ ಅಕ್ಷರವನ್ನೇ ಬರೆದಳು. ಪಾಸಾದಳು. ಹತ್ತಿರದ ಶಾಲೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಒಂಬತ್ತು ವರ್ಷ ಬೋರ್ಡಿನ ಮೇಲೆ ಅದನ್ನೇ ಬರೆದಳು, ಮಕ್ಕಳ ನೋಟುಬುಕ್ಕಿನಲ್ಲಿ ಅದನ್ನೇ ತಿದ್ದಿದಳು. ಅವರು “ಟೀಚರ್, ಟೀಚರ್” ಎಂದು ಮುತ್ತಿಕೊಂಡರೆ ಹಿಗ್ಗಿ ಹೋಗುತ್ತಿದ್ದಳು. ಆದರೂ ಸಂಜೆ ಮನೆಗೆ ಬರುವಾಗ ರೈಲ್ವೆ ಗೇಟು ಮುಚ್ಚಿದ್ದು ನಿಲ್ಲಬೇಕಾದಾಗ ತುಮಕೂರಿನ ನೆನಪು ಜೀವ ಹಿಂಡುತ್ತಿತ್ತು. ಗಂಡನಿಗೆ ಅವಳು ‘ಇವಳೇ’, ಕೇರಿಗೆಲ್ಲ ಟೀಚರ್. ಅವ್ವನ ಬಾಯಲ್ಲಿ ಒಂದು ಸಲ “ಗಂಗಾ” ಅನ್ನಿಸಿಕೊಂಡರೆ ಸಾಕಪ್ಪ ಅನ್ನಿಸುತ್ತಿತ್ತು.

೧೯೮೬ರ ಬೇಸಿಗೆಯಲ್ಲಿ ಅವ್ವನಿಗೆ ಕನ್ನಡದಲ್ಲಿ ಉದ್ದನೆಯ ಕಾಗದ ಬರೆದಳು. ಶಾಲೆಗೆ ರಜೆ, ಬರುತ್ತೇನೆ, ನಿನ್ನ ಮುಂದೆ ಕೂತು ಹಾಡುತ್ತೇನೆ ಎಂದು. ಹದಿನೈದು ದಿನಕ್ಕೆ ಉತ್ತರ ಬಂತು. ಅಡುಗೆಮನೆಯಲ್ಲೇ ಒಡೆದು ಓದಿದಳು.

“ಬಾ ಮಗಳೇ, ಕಾಯ್ತಾ ಇರ್ತೀನಿ. ಆದ್ರೆ ನಿನ್ ಕೈಗೇನಾಗೈತೆ? ಕಾಗ್ದಾನ ಯಾರೋ ತಮಿಳ್ನೋರ ಕೈಲಿ ಬರ್ಸಿದ್ದೀಯ. ಅಕ್ಷರಾನೂ ನಿಂದಲ್ಲ. ಕೆಳಗೆ ಶಿವಕಂಗಮ್ಮ ಅಂತ ಐತೆ. ನಿನ್ ಹೆಸ್ರಾದ್ರೂ ನೀನೇ ಬರೀಬಾರ್ದಾಗಿತ್ತಾ?”

ಒಲೆಯ ಮೇಲೆ ಹಾಲು ಉಕ್ಕಿತು. ಶಿವಗಂಗಮ್ಮ ಆ ‘ಕ’ದ ಮೇಲೆ ಬೆರಳಿಟ್ಟುಕೊಂಡೇ ಕೂತಳು.

“ನಾನೇ ಕಣವ್ವಾ,” ಅಂದಳು ಕಾಗದಕ್ಕೆ. “ನಾನೇ ಬರ್ದಿದ್ದು.”