ಮುನಿಲಕ್ಷ್ಮಮ್ಮನ ಎಂಬತ್ತು ಮನೆ

ಮುನಿಲಕ್ಷ್ಮಮ್ಮನ ಬಲಗೈ ಸುಮ್ಮನಿದ್ದದ್ದನ್ನು ನಾನು ನೋಡಿರುವುದು ಒಂದೇ ಸಲ. ಮಿಕ್ಕಂತೆ ಆ ಕೈಗೆ ಬಿಡುವೆಂಬುದೇ ಇರಲಿಲ್ಲ. ಕ್ಯಾಂಟೀನಿನಲ್ಲಿ ಕಾಫಿಗೆ ಕಾಯುವಾಗ ಮೇಜಿನ ಮೇಲೆ, ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ, ಯಾರಾದರೂ ಮಾತನಾಡಿಸಿದರೆ ಸೆರಗಿನ ಅಂಚಿನ ಮೇಲೆ ಮೂರು ಬೆರಳುಗಳು ಟಪಟಪ ಆಡುತ್ತಲೇ ಇರುತ್ತಿದ್ದವು. ಹತ್ತು ವರ್ಷ ಪಂಚ್ ಮಿಷನ್ ಮುಂದೆ ಕೂತವರ ಕೈ ಅದು. ಎದುರಿಗೆ ನಿಂತವರ ಹೆಸರನ್ನೇ ಆಕೆ ಬೆರಳಲ್ಲಿ ಹೊಡೆಯುತ್ತಾರೆ ಎಂದು ಕ್ಯಾಂಟೀನಿನವರು ತಮಾಷೆ ಮಾಡುತ್ತಿದ್ದರು.

ನಮ್ಮದು ಯಶವಂತಪುರದಲ್ಲಿ ಡೀಸೆಲ್ ಪಂಪ್‌ಸೆಟ್ ಮಾಡುವ ಕಾರ್ಖಾನೆ. ಕಿಟಕಿ ತೆಗೆದರೆ ಮಾರ್ಕೆಟ್ ಯಾರ್ಡಿನ ಈರುಳ್ಳಿ ವಾಸನೆ, ಮುಚ್ಚಿದರೆ ಸೆಕೆ. ಎಂಬತ್ತರ ದಶಕದ ನಡುವಿನವರೆಗೂ ನಮ್ಮ ಬಿಡಿಭಾಗಗಳ ಲೆಕ್ಕವೆಲ್ಲ ರಟ್ಟಿನ ಕಾರ್ಡುಗಳಲ್ಲಿ ಪಂಚ್ ಮಿಷನ್ ಹೊಡೆದ ತೂತುಗಳಾಗಿ ಕೂತಿರುತ್ತಿತ್ತು. ಒಂದು ಕಾರ್ಡಿಗೆ ಎಂಬತ್ತು ಅಂಕಣ, ಒಂದು ಅಂಕಣಕ್ಕೆ ಒಂದು ಅಕ್ಷರ. ಮುನಿಲಕ್ಷ್ಮಮ್ಮ ಅಂಕಣ ಎನ್ನುತ್ತಿರಲಿಲ್ಲ, ಮನೆ ಎನ್ನುತ್ತಿದ್ದರು. "ಎಂಬತ್ ಮನೆ ಬೀದಿ ಸಾ ಇದು. ಒಂದ್ ಮನೆ ತೆಪ್ಪಿದ್ರೆ ಬೀದಿಯೆಲ್ಲಾ ತೆಪ್ಪು." ಕೆಟ್ಟ ಕಾರ್ಡುಗಳನ್ನು ಅವರು ಎಸೆದವರಲ್ಲ. ಬಾಗಲಗುಂಟೆಯ ಮನೆಗೆ ಒಯ್ದು ಸಾಮಾನಿನ ಚೀಟಿ ಬರೆಯುತ್ತಿದ್ದರು, ಕನಕಾಂಬರದ ದಂಡೆಯನ್ನು ಅದಕ್ಕೇ ಸುತ್ತಿ ತಂದು ನಮ್ಮ ಟೈಪಿಸ್ಟ್ ಹುಡುಗಿಯರಿಗೆ ಹಂಚುತ್ತಿದ್ದರು.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚಿತ್ತು. ಮೊದಲೇ ಹೇಳಿಬಿಡುವುದು ವಾಸಿ. ನಾನು ಬಿ.ಇ., ಚಿನ್ನದ ಪದಕದವನು, ಆರ್.ಟಿ. ನಗರದ ನಮ್ಮ ಮನೆಯ ಷೋಕೇಸಿನಲ್ಲಿ ಆ ಪದಕ ಬಂದವರ ಕಣ್ಣಿಗೆ ಬೀಳುವಂತೆಯೇ ಇತ್ತು. ಆಕೆ ಎಸ್ಸೆಸ್ಸೆಲ್ಸಿ, ಜೊತೆಗೆ ಟೈಪಿಂಗ್ ಲೋಯರ್. ನಮ್ಮಿಬ್ಬರ ನಡುವೆ ಹೊಟ್ಟೆಕಿಚ್ಚಿಗೆ ಜಾಗವೇ ಇರಬಾರದಿತ್ತು.

ಜಾಗ ಮಾಡಿದ್ದು ಹೊಸ ಕಂಪ್ಯೂಟರು. ಅದು ಬಂದಮೇಲೆ ಪಂಚ್ ರೂಮಿಗೆ ಬೀಗ ಬೀಳುವುದು ಖಾತ್ರಿಯಾಯಿತು. ಕಂಪ್ಯೂಟರಿನ ಜೊತೆಗೇ ಬಂದ ಶ್ರೀಧರಮೂರ್ತಿ ಎಂಬ ಮೇಷ್ಟ್ರು ದಿನಾ ಸಂಜೆ ನಾಲ್ಕಕ್ಕೆ ನಮ್ಮಲ್ಲಿ ಏಳು ಮಂದಿಗೆ ಪ್ರೋಗ್ರಾಮು ಬರೆಯುವ ಸಿ ಭಾಷೆ ಕಲಿಸತೊಡಗಿದರು. ಕೊನೆಯಲ್ಲಿ ಪರೀಕ್ಷೆ, ಗೆದ್ದ ಒಬ್ಬರಿಗೆ ಕಂಪ್ಯೂಟರ್ ರೂಮಿನ ಕುರ್ಚಿ. ಸೋತರೆ ನಾನು ಮತ್ತೆ ಫೌಂಡ್ರಿಯ ಹೊಗೆಗೆ, ಮುನಿಲಕ್ಷ್ಮಮ್ಮ ಯಲಹಂಕದಾಚೆಯ ಗೋಡೌನಿನ ಪ್ಯಾಕಿಂಗಿಗೆ. ಅವರಿಗೂ ಆ ಕುರ್ಚಿ ಬೇಕಿತ್ತು. ಅಷ್ಟು ದೂರದ ಪ್ಯಾಕಿಂಗಿಗೆ ಹೋದರೆ ಬೆಳಗಿನ ಜಾವ ಮನೆ ಬಿಟ್ಟು ಎರಡು ಬಸ್ ಬದಲಾಯಿಸಬೇಕು, ಮೇಲಾಗಿ ದಿನವಿಡೀ ನಿಂತ ಕೆಲಸ. "ನಿಂತ್ಕೊಳಾದು ಕಷ್ಟ ಅಲ್ಲ ಸಾ," ಎಂದಿದ್ದರು ಒಮ್ಮೆ, "ಬೆರಳಿಗೆ ಕೆಲ್ಸ ಇಲ್ದಂಗಾಯ್ತದೆ."

ತರಗತಿ ಪಾಯಿಂಟರುಗಳಿಗೆ ಬಂದಾಗ ನಾವು ಏಳು ಮಂದಿಯೂ ಮಂಕಾದೆವು. ಮೇಷ್ಟ್ರು p ಎಂಬ ಪಾಯಿಂಟರನ್ನಿಟ್ಟುಕೊಂಡು ಬೋರ್ಡಿನ ಮೇಲೆ *p++ ಎಂದೂ (*p)++ ಎಂದೂ ಬರೆದು ವ್ಯತ್ಯಾಸ ಕೇಳಿದರು. ಯಾವ ಚಿಹ್ನೆಗೆ ಮೊದಲ ಮರ್ಯಾದೆ ಎಂಬ ಪಟ್ಟಿಯನ್ನು ನಾನು ಬಾಯಿಪಾಠ ಒಪ್ಪಿಸಿದೆ.

"ಅದು ಪುಸ್ತಕದಲ್ಲೇ ಇದೆ ಕಣ್ರೀ," ಎಂದರು ಮೇಷ್ಟ್ರು. "ಏನಾಗತ್ತೆ ಅಂತ ಹೇಳಿ."

ನಾನು ಅದೇ ಪಟ್ಟಿಯನ್ನು ಮತ್ತೆ ಮೊದಲಿಂದ ಶುರುಮಾಡಿದೆ. ಹಿಂದಿನ ಬೆಂಚಿನಿಂದ ಬಳೆ ಸದ್ದಾಯಿತು.

"ಇದು ನಮ್ ಪಂಚ್ ಮಿಷನ್ನೇ ಅಲ್ವಾ ಸಾ?" ಎಂದರು ಮುನಿಲಕ್ಷ್ಮಮ್ಮ. "ಯಾವ್ ಮನೆ ಮುಂದೆ ನಿಂತಿದೀವಿ ಅಂತ ತೋರ್ಸಕ್ಕೆ ಒಂದ್ ಮುಳ್ಳು ಇರ್ತದಲ್ಲ, ಅದೇ ಈ ಪಾಯಿಂಟ್ರು. ಮುಳ್ಳು ಮನೆ ಅಲ್ಲ, ಮನೆ ಎಲ್ಲೈತೆ ಅಂತ ಏಳ್ತದೆ ಅಷ್ಟೆ. ಗುಂಡಿ ಒತ್ತಿದ್ರೆ ತೂತ ಬೀಳ್ತದೆ, ಆಮೇಕೆ ಮುಳ್ಳು ತಾನೇ ಮುಂದಿನ್ ಮನೆಗೆ ಓಗ್ತದೆ. ಮೊದಲ್ನೇದು ಅದು. ಮಲ್ಟಿ ಗುಂಡಿ ಇಡ್ಕಂಡು ಒತ್ತಿದ್ರೆ ಕಾರ್ಡು ಅಲ್ಲಾಡಕಿಲ್ಲ, ಅದೇ ಮನೇಲೇ ಇನ್ನೊಂದ್ ತೂತ ಸೇರ್ಕಂತದೆ. ಕಂಸ ಆಕಿರೋದು ಇಂಗೆ, ಇಡ್ಕಂಡಂಗೆ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಇನ್ನೊಂದ್ಸಲ ಹೇಳಿ ಅಮ್ಮಾ," ಎಂದು ನೋಟ್ ಪುಸ್ತಕ ತೆಗೆದು ಬರೆದುಕೊಂಡರು. ನನ್ನ ಮಾತನ್ನು ಯಾವ ಮೇಷ್ಟ್ರೂ ಹಾಗೆ ಬರೆದುಕೊಂಡದ್ದಿಲ್ಲ. ಆ ಸಂಜೆ ಬಸ್ಸಿನಲ್ಲಿ ಮೇಖ್ರಿ ವೃತ್ತದವರೆಗೂ ಆ ಉದಾಹರಣೆಯಲ್ಲಿ ಹುಳುಕು ಹುಡುಕಿದೆ. ಸಿಗಲಿಲ್ಲ. ಹೊಟ್ಟೆ ಇನ್ನಷ್ಟು ಉರಿಯಿತು.

ಪರೀಕ್ಷೆಗೆ ಕೊಟ್ಟ ಕೆಲಸ ಇಷ್ಟೇ: ಬಿಡಿಭಾಗಗಳ ಹೆಸರುಗಳನ್ನು ಒಂದೊಂದಾಗಿ ಓದಿ, ಒಂದು ಜಾಗಕ್ಕೆ ನಕಲು ಮಾಡಿಕೊಂಡು, ಅಲ್ಲಿಂದ ಅಚ್ಚುಹಾಕುವುದು. ನನ್ನ ಪ್ರೋಗ್ರಾಮಿನಲ್ಲಿ ಪ್ರತಿ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಏನೋ ಕಸ ಬರುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡೆ. ಮೂರನೆಯ ದಿನ ಊಟದ ಹೊತ್ತಿನಲ್ಲಿ ಮುನಿಲಕ್ಷ್ಮಮ್ಮ ಡಬ್ಬಿ ತೊಳೆದುಕೊಂಡು ಬಂದವರು ನನ್ನ ಹಿಂದೆ ನಿಂತರು.

"ಮೊದಲ್ನೇ ಮನೆ ಕಾಲಿ ಬಿಟ್ಟಿದೀರಾ ಸಾ. ಮುಂದಕ್ಕೋಗಿ ಆಮೇಕೆ ಒಡೀತಿದೀರಾ. ಸೇರ್ದ ಮೊದಲ್ನೇ ವಾರ ನಾನೂ ಇಂಗೇ ಒಂದ್ ಕಟ್ಟು ಕಾರ್ಡು ಕೆಡ್ಸಿದ್ದೆ."

"ಇದು ಕಾರ್ಡ್ ಅಲ್ಲಮ್ಮ," ಎಂದು ಸಿಡುಕಿದೆ. ಅವರು ಅತ್ತ ಹೋಗುತ್ತಲೇ *++p ಎಂದಿದ್ದುದನ್ನು *p++ ಎಂದು ತಿದ್ದಿದೆ. ಅಚ್ಚುಕಟ್ಟಾಗಿ ಬಂತು. ಥ್ಯಾಂಕ್ಸ್ ಎನ್ನುವ ಮಾತು ಬಾಯಿಗೆ ಬರಲಿಲ್ಲ, ನಾನೂ ಬರಿಸಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವರೇ ತಮ್ಮ ಹಾಳೆ ಹಿಡಿದು ನನ್ನ ಮೇಜಿಗೆ ಬಂದರು. "ಒಂದ್ಸಲ ಕಣ್ಣಾಡ್ಸಿ ಕೊಡ್ತೀರಾ ಸಾ? ನಾಕ್ ಎಸ್ರು ಆಕಿ ನೋಡ್ದೆ, ಸರಿ ಬಂತು. ಆದ್ರೂ ಇಂಜಿನಿಯರ್ ನೋಡಿದ್ರೆ ಒಂದ್ ದೈರ್ಯ."

ನಾನು ಓದಿದೆ. ಮುದ್ದಾದ ಪ್ರೋಗ್ರಾಮು, ನನ್ನದರ ಅರ್ಧದಷ್ಟು ಉದ್ದವೂ ಇರಲಿಲ್ಲ. ಎರಡು ಪಾಯಿಂಟರುಗಳು ಒಂದರ ಬೆನ್ನಿಗೊಂದು ಮನೆಯಿಂದ ಮನೆಗೆ ಹೋಗುತ್ತಿದ್ದವು. ಆದರೆ ಒಂದು ಕಡೆ ತಪ್ಪಿತ್ತು. ಕಾರ್ಡು ಎಂಬತ್ತನೆಯ ಮನೆ ದಾಟಿದರೆ ತಾನೇ ಹೊರಬೀಳುತ್ತದೆ. ಇಲ್ಲಿಗೆ ಮುಗಿಯಿತು ಎಂದು ಅದಕ್ಕೆ ಯಾರೂ ಹೇಳಬೇಕಿಲ್ಲ. ಸಿ ಭಾಷೆಗೆ ಹೇಳಬೇಕು. ಹೆಸರಿನ ಕೊನೆಗೆ ನಾವೇ ಒಂದು ಸೊನ್ನೆ ಇಡಬೇಕು. ಇಡದಿದ್ದರೆ ಉದ್ದದ ಹೆಸರಿನ ಮೇಲೆ ಗಿಡ್ಡ ಹೆಸರು ಕೂತಾಗ ಹಳೆಯದರ ಬಾಲ ಹಾಗೇ ಉಳಿಯುತ್ತದೆ. ಹತ್ತು ವರ್ಷ ಕಾರ್ಡು ಹೊಡೆದ ಕೈ ಆ ಸೊನ್ನೆಯನ್ನು ಬಿಟ್ಟುಬಿಟ್ಟಿತ್ತು. ಅವರು ಹಾಕಿ ನೋಡಿ ಹಾಳೆಯ ಕೆಳಗೆ ಬರೆದಿದ್ದ ನಾಲ್ಕು ಹೆಸರುಗಳು ಒಂದಾದಮೇಲೊಂದು ಉದ್ದವಾಗುತ್ತಲೇ ಹೋಗಿದ್ದವು, ಹಾಗಾಗಿ ತಪ್ಪು ಕಾಣಿಸಿಕೊಂಡಿರಲಿಲ್ಲ.

ನನಗೆ ಕಂಡಿತು. ಸ್ಪಷ್ಟವಾಗಿ ಕಂಡಿತು. ಅವರ ಬೆರಳುಗಳು ನನ್ನ ಮೇಜಿನ ಅಂಚಿನಲ್ಲಿ ಟಪಟಪ ಎನ್ನುತ್ತಿದ್ದವು.

"ಚೆನ್ನಾಗಿದೆ," ಎಂದು ಹಾಳೆ ವಾಪಸ್ಸು ಕೊಟ್ಟೆ.

ಮರುದಿನ ಮ್ಯಾನೇಜರ ಎದುರು ಅವರ ಸರದಿ ಬಂದಾಗ ಮೊದಲ ಹೆಸರು ಕ್ರ್ಯಾಂಕ್‌ಶಾಫ್ಟ್, ಸರಿಯಾಗಿ ಬಂತು. ಎರಡನೆಯದು ವಾಶರ್. ಪ್ರಿಂಟರು ಕಿರುಗುಟ್ಟುತ್ತಾ, CRANKSHAFT ಬಾಲದ HAFT ಅಂಟಿಸಿ, ಅದನ್ನು 'ವಾಶರ್‌ಹಾಫ್ಟ್' ಎಂದು ಹೊಡೆಯಿತು. ಮುಂದಿನ ಬೋಲ್ಟಿಗೂ ಅಂಥದೇ ಬಾಲ.

"ವಾಶರ್‌ಹಾಫ್ಟ್ ಅಂದ್ರೆ ಯಾವ್ ಪಾರ್ಟ್ ಕಣ್ರೀ?" ಎಂದರು ಮ್ಯಾನೇಜರು. "ನಾವು ಮಾಡ್ತೀವಾ ಇದನ್ನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುನಿಲಕ್ಷ್ಮಮ್ಮ ಕಾಗದವನ್ನು ಹರಿದುಕೊಂಡು, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಕುರ್ಚಿ ನನಗೆ ಬಂತು. ಅವರು ಪ್ಯಾಕಿಂಗಿಗೆ ಹೋದರು. ಹೋಗುವ ಮುನ್ನ ಕಾರ್ಡಿಗೆ ಸುತ್ತಿದ ಕನಕಾಂಬರವನ್ನು ನನ್ನ ಹೊಸ ಮೇಜಿನ ಮೇಲಿಟ್ಟು, "ದೇವ್ರ್ ಪಟಕ್ಕೆ ಆಕಿ ಸಾ, ಒಳ್ಳೇದಾಗ್ಲಿ," ಎಂದರು. ಕುರ್ಚಿ ಸಿಕ್ಕಮೇಲಾದರೂ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ. ಮುಂದಿನ ತಂಡಕ್ಕೆ ಶ್ರೀಧರಮೂರ್ತಿ ಮೇಷ್ಟ್ರು ಪಾಯಿಂಟರ್ ಕಲಿಸಿದ್ದು ಮುನಿಲಕ್ಷ್ಮಮ್ಮನ ಮುಳ್ಳಿನಿಂದಲೇ. ನಾನು ಪಕ್ಕದ ರೂಮಿನಲ್ಲಿ ಕೂತು ಕೇಳಿಸಿಕೊಳ್ಳಬೇಕಾಯಿತು.

ಮೂರು ವರ್ಷದ ಮೇಲೆ ದಾಸರಹಳ್ಳಿಯ ಕಡೆ ಹೋಗುವ ಬಸ್ಸಿನಲ್ಲಿ ಸಿಕ್ಕಿದರು. ನನ್ನನ್ನು ಕಂಡು ಮುಖ ಅರಳಿಸಿ, ಕಿಟಕಿಗೆ ಸರಿದು ಜಾಗ ಕೊಟ್ಟರು. ಮನೆ, ಆರೋಗ್ಯ ಎಲ್ಲ ವಿಚಾರಿಸಿದ ಮೇಲೆ ತಾವಾಗಿಯೇ ಮಾತು ತೆಗೆದರು.

"ಆವತ್ತಿನ್ ತೆಪ್ಪು ಆಮೇಕೆ ಗೊತ್ತಾಯ್ತು ಸಾ. ಕಾಗ್ದ ಮನೇಲಿಟ್ಕಂಡು ನೋಡ್ತಾ ನೋಡ್ತಾ ಒಂದಿನ ಒಳೀತು. ಸೊನ್ನೆ ಇಟ್ಟಿರ್ಲಿಲ್ಲ ನಾನು. ಕಾರ್ಡಾಗಿದ್ರೆ ಎಂಬತ್ತಕ್ಕೆ ತಾನೇ ನಿಲ್ತಿತ್ತು."

ನಾನು ಹೊರಗೆ ನೋಡಿದೆ.

"ನಂಗೆ ಬೇಜಾರಿಲ್ಲ," ಎಂದರು. "ಗೋಲ್ಡ್ ಮೆಡ್ಲು ತಕ್ಕಂಡ್ ನಿಮ್ಗೇ ಕಾಣ್ಲಿಲ್ಲ, ಇನ್ ನಂಗೆಂಗೆ ಕಾಣ್ತದೆ ಅಂತ ಸಮಾದಾನ ಮಾಡ್ಕಂಡೆ. ಕಾಣ್ಲಿಲ್ಲ ಅಲ್ವಾ ಸಾ?"

ನಿಜ ಹೇಳಲು ಮತ್ತೆ ಸಿಗದಂಥ ಅವಕಾಶ. ಹೇಳಿದ್ದರೆ ಅವರ ಪ್ರೋಗ್ರಾಮು ನನ್ನದಕ್ಕಿಂತ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು.

"ಇಲ್ಲ, ಕಾಣ್ಲಿಲ್ಲ," ಎಂದೆ.

ಅವರು ತಲೆಯಾಡಿಸಿದರು. ಮುಂದಿನ ಸೀಟಿನ ಕಂಬಿಯ ಮೇಲೆ ಅವರ ಬಲಗೈ ಇತ್ತು, ತುಂಬ ಹೊತ್ತು ನೋಡಿದೆ. ಒಂದು ಬೆರಳೂ ಅಲ್ಲಾಡಲಿಲ್ಲ. ಸ್ಟಾಪು ಬಂದಾಗ "ಬತ್ತೀನಿ ಸಾ" ಎಂದು ಇಳಿದು ಬಾಗಲಗುಂಟೆಯ ಕಡೆ ನಡೆದುಬಿಟ್ಟರು. ಆಮೇಲೆ ನಾನು ಅವರನ್ನು ನೋಡಲಿಲ್ಲ.